ಒಂದೇ ಬೆಂಚು, ನಾಲ್ಕು ಶುಲ್ಕ: ಎಂಜಿನಿಯರಿಂಗ್ ಸೀಟಿನ ಲೆಕ್ಕ ಬಿಡಿಸಿದಾಗ

ಬೆಂಗಳೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ತರಗತಿಯನ್ನು ಕಲ್ಪಿಸಿಕೊಳ್ಳಿ. ಒಂದೇ ಬೆಂಚಿನಲ್ಲಿ ನಾಲ್ವರು ಕೂತಿದ್ದಾರೆ. ಒಬ್ಬರು ಬೋಧನಾ ಶುಲ್ಕವನ್ನೇ ಕಟ್ಟಿಲ್ಲ. ಪಕ್ಕದವರು ಎಂಬತ್ತು ಸಾವಿರದ ಆಸುಪಾಸು ಕಟ್ಟಿದ್ದಾರೆ. ಮೂರನೆಯವರದು ಎರಡೂವರೆ ಲಕ್ಷ ದಾಟಿದೆ. ನಾಲ್ಕನೆಯವರು ಎಷ್ಟು ಕೊಟ್ಟರು ಎಂಬುದು ಅವರ ಮನೆಯವರಿಗೂ ಆಡಳಿತ ಮಂಡಳಿಗೂ ಮಾತ್ರ ಗೊತ್ತು. ಪಾಠ ಒಂದೇ, ಪ್ರಯೋಗಾಲಯ ಒಂದೇ, ಕೊನೆಗೆ ಕೈಗೆ ಬರುವ ಪದವಿಯೂ ಒಂದೇ.

ಪ್ರತಿ ವರ್ಷ ಸಿಇಟಿ ಫಲಿತಾಂಶದ ನಂತರ ಸುದ್ದಿಗಳ ಮಳೆ ಸುರಿಯುತ್ತದೆ. 2025-26ಕ್ಕೆ ಖಾಸಗಿ ಕಾಲೇಜುಗಳ ಶುಲ್ಕವನ್ನು ಶೇ. 7.5ರಷ್ಟು ಏರಿಸಲು ಸರ್ಕಾರ ಒಪ್ಪಿತು. ಅದಕ್ಕೂ ಮೊದಲು ಕಂಪ್ಯೂಟರ್ ಸೈನ್ಸ್ ಸೀಟುಗಳ ಮೇಲಿದ್ದ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ತೆಗೆಯಿತು. 2024ರ ಕೊನೆಗೆ, ಸೇರದವರ ಹೆಸರಲ್ಲಿ ಸೀಟು ಹಿಡಿದಿಡುವ ಸೀಟ್ ಬ್ಲಾಕಿಂಗ್ ಪ್ರಕರಣ ಹೊರಬಿತ್ತು. ಈ ಮೂರೂ ಬಿಡಿ ಸುದ್ದಿಗಳಂತೆ ಕಂಡರೂ ಮೂಲದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಆ ಹೆಣಿಗೆ ಗೊತ್ತಿಲ್ಲದೆ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು ಮತ್ತು ಶಾಖೆಗಳ ಪಟ್ಟಿ ಬರೆಯಲು, ಕೂತ ಮನೆಗಳು, ಚೆನ್ನಾಗಿ ಓದಿದ ಮಗುವಿನ ರ‍್ಯಾಂಕನ್ನು ಕೈಯಾರೆ ಕಳೆದುಕೊಳ್ಳುತ್ತವೆ. ಸಿಇಟಿ ರ‍್ಯಾಂಕ್ ಅರ್ಧ ಕೆಲಸ ಮಾತ್ರ. ಕಾಲೇಜು ಕೈಗೆಟುಕುತ್ತದೋ ಇಲ್ಲವೋ, ಮಗುವಿಗೆ ಹೊಂದುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಪಟ್ಟಿಯನ್ನು ಬರೆಯುವ ಕೆಲವು ದಿನಗಳಲ್ಲಿ.

ನಾಲ್ಕು ಬೆಲೆ ಬಂದದ್ದು ಹೇಗೆ

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಸರ್ಕಾರ ಎಷ್ಟು ಕೈ ಹಾಕಬಹುದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳಲ್ಲಿ ಹಾದುಬಂದಿದೆ: 2002ರ ಟಿಎಂಎ ಪೈ, 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಂದಾರ್. ಕಾಲೇಜು ನಡೆಸುವವರಿಗೆ ತಮ್ಮ ಶುಲ್ಕ ಮತ್ತು ಪ್ರವೇಶದಲ್ಲಿ ಸ್ವಾತಂತ್ರ್ಯವಿದೆ, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ (ಸೀಟಿಗಾಗಿ ವಸೂಲಿ ಮಾಡುವ ವಂತಿಗೆ) ಕೂಡದು ಎಂಬುದು ಅವುಗಳ ಒಟ್ಟು ಸಾರ. ಕರ್ನಾಟಕ ಇದಕ್ಕೆ 2006ರಲ್ಲಿ ಕಾನೂನು ಮಾಡಿತು. ಆದರೂ ಪ್ರತಿ ವರ್ಷ ನಿಜವಾಗಿ ನಡೆಯುವುದು ಸರ್ಕಾರ ಮತ್ತು ಕಾಲೇಜುಗಳ ನಡುವಿನ ಒಪ್ಪಂದ.

ಆ ಒಪ್ಪಂದದಂತೆ ಅಲ್ಪಸಂಖ್ಯಾತೇತರ ಖಾಸಗಿ ಕಾಲೇಜಿನ ಶೇ. 45 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕಿನ ಮೇಲೆ ಹಂಚುತ್ತದೆ. ಶೇ. 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆ ಪಾಲು. ಅದಕ್ಕೆ ದೇಶದ ಯಾವ ಮೂಲೆಯ ವಿದ್ಯಾರ್ಥಿಯೂ ಪರೀಕ್ಷೆ ಬರೆಯಬಹುದು. ಉಳಿದ ಶೇ. 25 ಆಡಳಿತ ಮಂಡಳಿ ಮತ್ತು ಎನ್‌ಆರ್‌ಐ ಸೀಟು. 2024-25ರಲ್ಲಿ ಕೆಇಎ ಸೀಟಿನ ಬೋಧನಾ ಶುಲ್ಕ ಕಾಲೇಜಿನ ವರ್ಗಕ್ಕೆ ತಕ್ಕಂತೆ 76,135 ಅಥವಾ 84,596 ರೂ. ಇತ್ತು. ಕಾಮೆಡ್-ಕೆ ಸೀಟಿಗೆ 1,86,111 ಅಥವಾ 2,61,477 ರೂ. ಇದರ ಮೇಲೆ ಮಂಜೂರಾದ ಸೀಟಿನ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ, ಅವೇ ಎಸ್‌ಎನ್‌ಕ್ಯೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ ಈ ಸೀಟಿನಲ್ಲಿ ಬೋಧನಾ ಶುಲ್ಕ ಮನ್ನಾ. ಉಳಿದ ಶುಲ್ಕಗಳನ್ನು ಮಾತ್ರ ಕಟ್ಟಬೇಕು.

ಇಲ್ಲೊಂದು ಗಾಬರಿಗೆ ಉತ್ತರ ಹೇಳಬೇಕು. ಪತ್ರಿಕೆಯಲ್ಲಿ 84 ಸಾವಿರ ಎಂದು ಓದಿದವರು ಚಲನ್ ತೆರೆದಾಗ ಲಕ್ಷದ ಆಸುಪಾಸಿನ ಮೊತ್ತ ಕಾಣುತ್ತಾರೆ. ಅದು ಮೋಸವಲ್ಲ. ಬೋಧನಾ ಶುಲ್ಕಕ್ಕೆ ವಿಶ್ವವಿದ್ಯಾಲಯದ ಶುಲ್ಕವೂ 'ಇತರೆ ಶುಲ್ಕ'ವೂ ಸೇರಿರುತ್ತವೆ. ಚಲನ್‌ನಲ್ಲಿ ಇಲ್ಲದ ಹಣವನ್ನು ಕಾಲೇಜಿನ ಕೌಂಟರಿನಲ್ಲಿ ಸ್ಕಿಲ್ ಲ್ಯಾಬ್, ಅಸೋಸಿಯೇಷನ್, ಅಭಿವೃದ್ಧಿ ಇತ್ಯಾದಿ ಹೆಸರಿನಲ್ಲಿ ಕೇಳಿದರೆ ಮಾತ್ರ ರಸೀದಿ ಕೇಳಿ, ಲಿಖಿತವಾಗಿ ದೂರು ಕೊಡಬೇಕು.

ಏರಿಕೆಯ ಸುತ್ತ ಎರಡು ವಾದ

ಕಾಲೇಜುಗಳ ವಾದ ಸರಳ: ಅಧ್ಯಾಪಕರ ಸಂಬಳ ವೇತನ ಆಯೋಗಕ್ಕೆ ತಕ್ಕಂತೆ ಏರುತ್ತದೆ, ಉಪಕರಣ ತುಟ್ಟಿ, ಕೆಇಎ ಶುಲ್ಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಓದಿಸುವ ಖರ್ಚು ಗಿಟ್ಟುವುದಿಲ್ಲ. ಹಾಗಾಗಿ ಕಾಮೆಡ್-ಕೆ ಮತ್ತು ಮ್ಯಾನೇಜ್‌ಮೆಂಟ್ ಸೀಟುಗಳ ಹಣವೇ ಉಳಿದವರ ಓದನ್ನು ಹೊರುತ್ತಿದೆ ಎನ್ನುತ್ತವೆ. ವಿದ್ಯಾರ್ಥಿ ಸಂಘಟನೆಗಳ ವಾದ ಬೇರೆ: ಕಂಪ್ಯೂಟರ್ ಸೈನ್ಸಿಗೆ ಕೊನೆಯಿಲ್ಲದ ಬೇಡಿಕೆ ಇರುವ ದೊಡ್ಡ ಕಾಲೇಜಿಗೂ ಅರ್ಧ ಖಾಲಿ ಇರುವ ಜಿಲ್ಲಾ ಕೇಂದ್ರದ ಕಾಲೇಜಿಗೂ ಒಂದೇ ದರದಲ್ಲಿ ಏರಿಕೆ ಏಕೆ?

ಎರಡರಲ್ಲೂ ಸತ್ಯವಿದೆ. ಒಬ್ಬರ ಹಣ ಇನ್ನೊಬ್ಬರ ಓದನ್ನು ಹೊರುವ ಈ ಅಡ್ಡ-ಸಹಾಯಧನದ ಏರ್ಪಾಡು ಮ್ಯಾನೇಜ್‌ಮೆಂಟ್ ಸೀಟಿಗೆ ಗಿರಾಕಿ ಇರುವ ಕಾಲೇಜಿನಲ್ಲಿ ಮಾತ್ರ ನಡೆಯುತ್ತದೆ. ಗಿರಾಕಿ ಇಲ್ಲದ ಕಡೆ ಕೆಇಎ ಶುಲ್ಕವೇ ಏಕೈಕ ಆದಾಯ. ಅಲ್ಲಿ ಮೊದಲು ಕಡಿತ ಬೀಳುವುದು ಅಧ್ಯಾಪಕರ ಸಂಖ್ಯೆಗೆ. ಶುಲ್ಕ ಎರಡೂ ಕಡೆ ಒಂದೇ, ಆದರೆ ಆ ಶುಲ್ಕಕ್ಕೆ ಸಿಗುವ ಓದು ಒಂದೇ ಅಲ್ಲ. ಕೆಇಎ ಸೀಟು ಸಿಕ್ಕಿತೆಂದರೆ ಅಗ್ಗದ ಒಳ್ಳೆಯ ಸೀಟು ಎಂಬ ಸಮೀಕರಣ ಇಲ್ಲಿಯೇ ಮುರಿಯುತ್ತದೆ.

ನಿಜವಾಗಿ ಕಡಿಮೆ ಶುಲ್ಕವಿರುವುದು ಸರ್ಕಾರಿ ಕಾಲೇಜುಗಳಲ್ಲಿ ಮತ್ತು ಅನುದಾನಿತ ಕಾಲೇಜುಗಳ ಅನುದಾನಿತ ಶಾಖೆಗಳಲ್ಲಿ. ನಲವತ್ತು ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಯುವಿಸಿಇ ಇದೆ, ಎಸ್‌ಕೆಎಸ್‌ಜೆಟಿಐ ಇದೆ. ಹಾಸನ, ರಾಮನಗರ, ಚಾಮರಾಜನಗರ, ಕುಶಾಲನಗರ, ಹಾವೇರಿ, ಕಾರವಾರ, ರಾಯಚೂರು, ಕೆ.ಆರ್. ಪೇಟೆ, ಹೂವಿನಹಡಗಲಿ, ಚಳ್ಳಕೆರೆಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು, ಮಂಡ್ಯದ ಪಿಇಎಸ್, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ ಮುಂತಾದ ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟುಗಳಿವೆ. ಅನುದಾನ ಇರುವುದು ಹೆಚ್ಚಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ಶಾಖೆಗಳಿಗೆ. ಅದೇ ಕಾಲೇಜಿನ ಹೊಸ ಶಾಖೆಗೆ ಖಾಸಗಿ ದರ. ಕಾಲೇಜಿನ ಹೆಸರು ನೋಡಿ ಶುಲ್ಕ ಊಹಿಸದೆ, ಆಪ್ಷನ್ ಎಂಟ್ರಿಯ ಪುಟದಲ್ಲಿ ಆ ಶಾಖೆಯ ಮುಂದೆ ಕಾಣುವ ಮೊತ್ತವನ್ನೇ ನಂಬಬೇಕು. ಸರ್ಕಾರಿ ಸ್ವರೂಪದ ಕಾಲೇಜಿಗೂ ಇದು ಅನ್ವಯ: ದಾವಣಗೆರೆಯ ಯುಬಿಡಿಟಿಯಲ್ಲಿ ಅರ್ಧದಷ್ಟು ಸೀಟುಗಳಿಗೆ ಹೆಚ್ಚು ಶುಲ್ಕ ನಿಗದಿಯಾದದ್ದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಖಾಸಗಿ ವಿಶ್ವವಿದ್ಯಾಲಯಗಳಲ್ಲಂತೂ ಕೆಇಎ ಮೂಲಕ ಬಂದ ಸೀಟಿಗೂ ಶುಲ್ಕ ಬೇರೆಯೇ.

ಶುಲ್ಕಕ್ಕಿಂತ ದೊಡ್ಡದು ಉಳಿಯುವ ಖರ್ಚು

ಕಾಗದ ಪೆನ್ನು ಹಿಡಿದು ನಾಲ್ಕು ವರ್ಷದ ಲೆಕ್ಕ ಬರೆದು ನೋಡಿ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಕೆಇಎ ಸೀಟು, ಎಲ್ಲ ಸೇರಿ ವರ್ಷಕ್ಕೆ 1.1 ಲಕ್ಷ ಎಂದಿಟ್ಟುಕೊಂಡರೆ ನಾಲ್ಕು ವರ್ಷಕ್ಕೆ 4.4 ಲಕ್ಷ. ಪಿಜಿ ಅಥವಾ ಹಾಸ್ಟೆಲ್ ಊಟ ಸೇರಿ ತಿಂಗಳಿಗೆ 9,000 ಎಂದು ಹಿಡಿದರೂ, ವರ್ಷಕ್ಕೆ 11 ತಿಂಗಳಂತೆ, 3.96 ಲಕ್ಷ. ಲ್ಯಾಪ್‌ಟಾಪ್, ಓಡಾಟ, ಪರೀಕ್ಷಾ ಶುಲ್ಕ ಸೇರಿದರೆ ಒಟ್ಟು 9 ಲಕ್ಷ ಮುಟ್ಟುತ್ತದೆ. ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಸರ್ಕಾರಿ ಕಾಲೇಜಾದರೆ ವರ್ಷಕ್ಕೆ 45 ಸಾವಿರದಂತೆ 1.8 ಲಕ್ಷ, ಜೊತೆಗೆ ಬಸ್ ಪಾಸ್ ಮತ್ತು ಲ್ಯಾಪ್‌ಟಾಪ್. ಕಾಮೆಡ್-ಕೆಯ ಮೇಲಿನ ದರದ ಸೀಟಾದರೆ ಬೋಧನಾ ಶುಲ್ಕವೊಂದೇ ಹತ್ತು ಲಕ್ಷ ದಾಟಿ, ಒಟ್ಟು ಹದಿನೈದರತ್ತ ಹೋಗುತ್ತದೆ.

ಅಂದರೆ ಕೆಇಎ ಸೀಟಿನಲ್ಲಿ ಊರು ಬದಲಾದ ಮಾತ್ರಕ್ಕೆ ಶುಲ್ಕದಷ್ಟೇ ಇನ್ನೊಂದು ಹೊರೆ ಹೆಗಲೇರುತ್ತದೆ. ಹಾಸನದ ಹುಡುಗಿಗೆ ಹಾಸನದ ಸರ್ಕಾರಿ ಕಾಲೇಜಿನಲ್ಲೇ ಸಿಗುವ ಒಳ್ಳೆಯ ಎಲೆಕ್ಟ್ರಾನಿಕ್ಸ್ ಸೀಟು, ಬೆಂಗಳೂರಿನ ಹೊರವಲಯದ ಹೊಸ ಕಾಲೇಜಿನ ಕಂಪ್ಯೂಟರ್ ಸೀಟಿಗಿಂತ ಐದಾರು ಲಕ್ಷ ಅಗ್ಗವಾಗಬಹುದು. ಬೆಂಗಳೂರಿಗೆ ಹೋಗಲೇಬಾರದು ಎಂದಲ್ಲ. ಆ ಐದಾರು ಲಕ್ಷಕ್ಕೆ ತಕ್ಕ ವ್ಯತ್ಯಾಸ ಆ ಕಾಲೇಜಿನಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಸಾಲ ಮಾಡುವವರು ಕಂತಿನ ಲೆಕ್ಕವನ್ನು ಈಗಲೇ ಮಾಡಬೇಕು. 7.5 ಲಕ್ಷದ ಶಿಕ್ಷಣ ಸಾಲ, ಬಡ್ಡಿ ಶೇ. 10, ನಾಲ್ಕು ಸಮ ಕಂತುಗಳಲ್ಲಿ ಬಿಡುಗಡೆ, ಓದು ಮುಗಿದು ಒಂದು ವರ್ಷದ ನಂತರ ಮರುಪಾವತಿ ಎಂದಿಟ್ಟುಕೊಳ್ಳಿ. ಅಷ್ಟರೊಳಗೆ ಸರಳ ಬಡ್ಡಿಯೇ 2.62 ಲಕ್ಷವಾಗಿ ಸಾಲ 10.12 ಲಕ್ಷಕ್ಕೆ ಬೆಳೆದಿರುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 13,400 ರೂ. ವರ್ಷಕ್ಕೆ 4 ಲಕ್ಷದ ಮೊದಲ ಕೆಲಸ ಸಿಕ್ಕರೆ ಕೈಗೆ ಬರುವ ಹಣದ ಹೆಚ್ಚುಕಡಿಮೆ ಅರ್ಧ ಇದಕ್ಕೇ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಶಾಖೆಗೆ ಎನ್‌ಬಿಎ ಮಾನ್ಯತೆ (ಇವೆರಡೂ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳು) ಇದ್ದರೆ, ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಈ ಮಧ್ಯದ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಆಗ ಕಂತು 9,900ಕ್ಕೆ ಇಳಿಯುತ್ತದೆ. ಮಾನ್ಯತೆ ಇಲ್ಲದ ಕಾಲೇಜು ಸೇರಿದರೆ ಈ ಸಹಾಯವೂ ಕೈತಪ್ಪುತ್ತದೆ, ಇದು ಬಹಳ ಜನಕ್ಕೆ ಗೊತ್ತಾಗುವುದು ಬ್ಯಾಂಕಿನಲ್ಲಿ ಕೂತಾಗಲೇ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದ ಸಾಲವೂ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ವಿನಾಯಿತಿಯೂ ಇದೆ. ಆದರೆ ಅದು ಕೇಂದ್ರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್ ಆಧಾರದ ಮೇಲೆ ಆಯ್ದ ಸಂಸ್ಥೆಗಳಿಗೆ ಮಾತ್ರ.

ವಿದ್ಯಾರ್ಥಿನಿಯರು ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಮರೆಯಬಾರದು: ವರ್ಷಕ್ಕೆ 50,000 ರೂ., ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ, ಆದಾಯ ಮಿತಿ 8 ಲಕ್ಷ. ಕೆಇಎ ಬೋಧನಾ ಶುಲ್ಕದ ಅರ್ಧಕ್ಕಿಂತ ಹೆಚ್ಚು ಇದೊಂದರಲ್ಲೇ ಬರುತ್ತದೆ. ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ಉಳಿದ ರಾಜ್ಯ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಸಿಗುತ್ತವೆ; ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು.

ಕಂಪ್ಯೂಟರ್ ಸೈನ್ಸ್ ಸೀಟುಗಳ ಪ್ರವಾಹ

2024-25ರಿಂದ ಜಾರಿಗೆ ಬಂದ ಕೈಪಿಡಿಯಲ್ಲಿ ಎಐಸಿಟಿಇ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿತು. ಬೆಂಗಳೂರಿನ ಬೇಡಿಕೆಯ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಮತ್ತು ಅದರ ಕವಲುಗಳಾದ ಎಐ ಮತ್ತು ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿಗಳಿಗೆ ಸೀಟು ಹೆಚ್ಚಿಸಿಕೊಂಡವು. ಸರ್ಕಾರ ಕಳವಳ ವ್ಯಕ್ತಪಡಿಸಿತು. ಕಾಲೇಜುಗಳು ಇದು ಮಾರುಕಟ್ಟೆಯ ಬೇಡಿಕೆ ಎಂದವು.

ಇದರ ಪರಿಣಾಮ ಸರಪಳಿಯಂತೆ ಸಾಗುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೀಟು ಹೆಚ್ಚಾದಾಗ ಮೊದಲು ಜಿಲ್ಲೆಗಳಲ್ಲಿ ಉಳಿಯುತ್ತಿದ್ದ ವಿದ್ಯಾರ್ಥಿ ರಾಜಧಾನಿಗೆ ಬರುತ್ತಾನೆ. ಜಿಲ್ಲೆಯ ಕಾಲೇಜಿನಲ್ಲಿ ಸೀಟು ಖಾಲಿ ಬೀಳುತ್ತದೆ, ಆದಾಯ ಕುಸಿಯುತ್ತದೆ, ಒಳ್ಳೆಯ ಅಧ್ಯಾಪಕರು ಬಿಟ್ಟು ಹೋಗುತ್ತಾರೆ, ಮುಂದಿನ ವರ್ಷ ಇನ್ನಷ್ಟು ಖಾಲಿ. ಅತ್ತ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಒಂದೇ ವರ್ಷದಲ್ಲಿ ದುಪ್ಪಟ್ಟಾದರೂ ಅನುಭವಿ ಅಧ್ಯಾಪಕರು ಒಂದೇ ವರ್ಷದಲ್ಲಿ ಹುಟ್ಟಿಬರುವುದಿಲ್ಲ. 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ಎಐಸಿಟಿಇ ನಿಯಮ ಕಾಗದದಲ್ಲಿ ಪಾಲನೆಯಾದರೂ ಹೊಸದಾಗಿ ಎಂ.ಟೆಕ್ ಮುಗಿಸಿದವರೇ ಹೆಚ್ಚು ತರಗತಿ ತೆಗೆದುಕೊಳ್ಳಬೇಕಾಗುತ್ತದೆ. ನಾಲ್ಕು ವರ್ಷದ ನಂತರ ಅದೇ ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಸಂಖ್ಯೆ ಸೀಟಿನ ಪ್ರಮಾಣದಲ್ಲಿ ಏರಿರುವುದಿಲ್ಲ. ಈಗ ಎಲ್ಲರಿಗೂ ಕಾಣುವ ಪ್ಲೇಸ್‌ಮೆಂಟ್ ಅಂಕಿ, ಸೀಟು ಕಡಿಮೆ ಇದ್ದಾಗ ಸೇರಿದ ಬ್ಯಾಚಿನದು ಎಂಬುದನ್ನು ನೆನಪಿಡಬೇಕು.

ಈ ಪ್ರವಾಹದ ಇನ್ನೊಂದು ಬದಿಯಲ್ಲಿ ಅವಕಾಶವೂ ಇದೆ. ಎಲ್ಲರೂ ಒಂದೇ ಕಡೆ ನುಗ್ಗಿದಾಗ ಹಳೆಯ, ಗಟ್ಟಿ ಕಾಲೇಜುಗಳ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಶಾಖೆಗಳ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ಸಡಿಲವಾಗುತ್ತದೆ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗೆ ಇಂಥ ಕಾಲೇಜಿನ ಎಲೆಕ್ಟ್ರಾನಿಕ್ಸ್ ಬಹಳ ಸಲ ಹೆಚ್ಚು ಹೊಂದುತ್ತದೆ. ಸಾಫ್ಟ್‌ವೇರ್ ಕಂಪನಿಗಳ ಪರೀಕ್ಷೆಗೂ ಅವರು ಕೂರಬಹುದು, ಚಿಪ್ ವಿನ್ಯಾಸ, ವಿದ್ಯುತ್ ವಾಹನದಂಥ ದಾರಿಗಳೂ ತೆರೆದಿರುತ್ತವೆ. ಮೊದಲ ವರ್ಷದ ನಂತರ ಶಾಖೆ ಬದಲಿಸಿಕೊಳ್ಳುತ್ತೇನೆ ಎಂಬ ಲೆಕ್ಕದಲ್ಲಿ ಮಾತ್ರ ಸೇರಬಾರದು. ಬೇಡಿಕೆಯ ಶಾಖೆಯಲ್ಲಿ ಸೀಟು ಖಾಲಿ ಬಿದ್ದರೆ ಮಾತ್ರ ಆ ಬಾಗಿಲು ತೆರೆಯುತ್ತದೆ, ಅದೂ ಅಂಕದ ಮೇಲೆ.

ಕಾಲೇಜನ್ನು ಅಳೆಯುವುದು ಯಾವುದರಿಂದ

ಕರಪತ್ರದ 'ಶೇ. 95 ಪ್ಲೇಸ್‌ಮೆಂಟ್' ಸುಳ್ಳಾಗಿರಬೇಕಿಲ್ಲ. ಛೇದ ಬೇರೆಯಾಗಿರುತ್ತದೆ ಅಷ್ಟೆ. ಬ್ಯಾಕ್‌ಲಾಗ್ ಇಲ್ಲದ, ಶೇ. 60 ದಾಟಿದ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರನ್ನು ಮಾತ್ರ 'ಅರ್ಹರು' ಎಂದು ಎಣಿಸುತ್ತಾರೆ. ಒಬ್ಬರಿಗೆ ಮೂರು ಆಫರ್ ಬಂದರೆ ಮೂರು ಎಂದೇ ಲೆಕ್ಕ. ಅತಿ ಹೆಚ್ಚಿನ ಪ್ಯಾಕೇಜು ಒಬ್ಬರದು, ಸರಾಸರಿಯನ್ನೂ ಅದು ಮೇಲೆಳೆಯುತ್ತದೆ.

ಇದಕ್ಕೆ ಮದ್ದು ಎನ್‌ಐಆರ್‌ಎಫ್‌ಗೆ ಕಾಲೇಜು ತಾನೇ ಸಲ್ಲಿಸಿದ ದತ್ತಾಂಶ. ರ‍್ಯಾಂಕ್ ಬರಲಿ ಬಿಡಲಿ, ಸ್ಪರ್ಧಿಸಿದ ಕಾಲೇಜು ಆ ಪಿಡಿಎಫ್ ಅನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ಅದರಲ್ಲಿ ನಾಲ್ಕು ವರ್ಷದ ಪದವಿಯ ಕೋಷ್ಟಕ ಹುಡುಕಿ. ಮೊದಲ ವರ್ಷದ ಮಂಜೂರಾದ ಸೀಟು, ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಅವರ ಮಧ್ಯಾಂಕ ಸಂಬಳ (ಎಲ್ಲರ ಸಂಬಳ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು), ಉನ್ನತ ವ್ಯಾಸಂಗಕ್ಕೆ ಹೋದವರು ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಒಂದು ಊಹೆಯ ಕಾಲೇಜಿನಲ್ಲಿ 480 ಜನ ಸೇರಿ, 370 ಜನ ಸಮಯಕ್ಕೆ ಪಾಸಾಗಿ, 260 ಜನರಿಗೆ ಕೆಲಸ, 30 ಜನ ಉನ್ನತ ವ್ಯಾಸಂಗ ಎಂದಿದ್ದರೆ, ಸೇರಿದ ನೂರರಲ್ಲಿ ಅರವತ್ತು ಜನಕ್ಕೆ ಮಾತ್ರ ದಾರಿ ಸಿಕ್ಕಿದೆ. ಸೇರಿದವರಿಗೂ ಸಮಯಕ್ಕೆ ಪಾಸಾದವರಿಗೂ ನಡುವಿನ 110ರ ಕಂದಕ ಪ್ಲೇಸ್‌ಮೆಂಟಿಗಿಂತ ಮುಖ್ಯ ಸೂಚನೆ: ಹಿಂದೆ ಬಿದ್ದ ವಿದ್ಯಾರ್ಥಿಯನ್ನು ಆ ಕಾಲೇಜು ಎತ್ತಿ ನಿಲ್ಲಿಸುತ್ತದೋ ಇಲ್ಲವೋ ಎಂಬುದು ಅಲ್ಲಿ ಕಾಣುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಎರಡು ಸಲ ನೋಡಬೇಕು. ಈ ಕೋಷ್ಟಕದ ಒಂದು ಕೊರತೆ, ಅದು ಎಲ್ಲ ಶಾಖೆಗಳನ್ನೂ ಕೂಡಿಸಿ ಹೇಳುತ್ತದೆ.

ಶಾಖೆಯ ಮಟ್ಟಕ್ಕೆ ಇಳಿಯಲು ಎನ್‌ಬಿಎ ನೆರವಾಗುತ್ತದೆ. ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಶಾಖೆಗೆ. ಮಾನ್ಯತೆಗೆ ಮೂರು ಅಥವಾ ಆರು ವರ್ಷದ ಅವಧಿ ಇರುತ್ತದೆ. ಕಾಲೇಜಿನ ಫಲಕದಲ್ಲಿ ಎನ್‌ಬಿಎ ಎಂದಿದ್ದರೂ ನಿಮಗೆ ಬೇಕಾದ ಶಾಖೆಗೆ ಇದೆಯೇ, ಅವಧಿ ಮುಗಿದಿದೆಯೇ ನೋಡಿ. ಹೊಸ ಶಾಖೆಗಳು ಕೆಲವು ಬ್ಯಾಚು ಹೊರಬಿದ್ದ ನಂತರವೇ ಇದಕ್ಕೆ ಅರ್ಹ. ವಿದೇಶದಲ್ಲಿ ಎಂಎಸ್ ಅಥವಾ ಎಂಜಿನಿಯರ್ ನೋಂದಣಿಯ ಯೋಚನೆ ಇದ್ದವರಿಗೆ ಇನ್ನೊಂದು ಸೂಕ್ಷ್ಮ: ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಯನ್ನು ಒಪ್ಪುವ, 2014ರಿಂದ ಭಾರತವೂ ಸದಸ್ಯನಾಗಿರುವ ವಾಷಿಂಗ್ಟನ್ ಒಪ್ಪಂದದ ಮನ್ನಣೆ, ಎನ್‌ಬಿಎ ಸ್ವಾಯತ್ತ ಸಂಸ್ಥೆಗಳಿಗೆ ಕೊಡುವ ಟಿಯರ್-1 ಮಾನ್ಯತೆಗೆ ಮಾತ್ರ.

ಇಷ್ಟಾದ ಮೇಲೆ ಕಾಲೇಜಿನ ಕಡ್ಡಾಯ ಪ್ರಕಟಣೆಯ ಪುಟದಲ್ಲಿ ಆ ವಿಭಾಗದ ಅಧ್ಯಾಪಕರ ಪಟ್ಟಿ ತೆರೆಯಿರಿ. ಎಷ್ಟು ಜನ ಪಿಎಚ್‌.ಡಿ., ಎಷ್ಟು ಜನ ಐದು ವರ್ಷಕ್ಕಿಂತ ಹೆಚ್ಚು ಅಲ್ಲೇ ಇದ್ದಾರೆ ಎಂದು ಎಣಿಸಿ. ಸಾಧ್ಯವಾದರೆ ಒಂದು ಕೆಲಸದ ದಿನ ಮಧ್ಯಾಹ್ನ ಕಾಲೇಜಿಗೆ ಹೋಗಿ, ಮೂರನೇ ವರ್ಷದವರನ್ನು ಪ್ರಯೋಗಾಲಯದ ಬಗ್ಗೆ ಕೇಳಿ. ನಿಜ ಹೇಳುವವರು ಅವರೇ.

ಆಪ್ಷನ್ ಎಂಟ್ರಿ: ಯಂತ್ರ ಹೇಗೆ ಯೋಚಿಸುತ್ತದೆ

ಅತಿ ಹೆಚ್ಚು ನಷ್ಟ ತರುವ ತಪ್ಪು ತಿಳಿವಳಿಕೆ ಒಂದಿದೆ: 'ದೊಡ್ಡ ಕಾಲೇಜನ್ನು ಮೊದಲು ಹಾಕಿದರೆ ಅವಕಾಶ ವ್ಯರ್ಥ, ಸಿಗುವುದನ್ನೇ ಮೇಲೆ ಹಾಕಬೇಕು.' ಇದು ತಪ್ಪು. ಕೆಇಎಯ ತಂತ್ರಾಂಶ ಒಂದನೇ ರ‍್ಯಾಂಕಿನಿಂದ ಹೊರಟು ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ನಿಮ್ಮ ಸರದಿ ಬಂದಾಗ ಮೊದಲ ಆಯ್ಕೆಯಲ್ಲಿ ನಿಮ್ಮ ವರ್ಗದ ಸೀಟು ಉಳಿದಿದೆಯೇ? ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ನಿಮ್ಮ ಇಪ್ಪತ್ತನೇ ಆಯ್ಕೆಯ ಸೀಟನ್ನು ನಿಮಗಿಂತ ಹಿಂದಿನ ರ‍್ಯಾಂಕಿನವರು ಅದನ್ನು ಮೊದಲ ಆಯ್ಕೆ ಮಾಡಿದ್ದಾರೆ ಎಂಬ ಕಾರಣಕ್ಕೆ ಕಿತ್ತುಕೊಳ್ಳಲಾರರು. ಆದ್ದರಿಂದ ಸಿಗಲಾರದ್ದನ್ನು ಮೇಲೆ ಹಾಕಿದರೆ ನಷ್ಟವಿಲ್ಲ. ಸಿಗುವುದನ್ನು ಮೇಲೆ ಹಾಕಿದರೆ ಅದಕ್ಕಿಂತ ಒಳ್ಳೆಯದು ಕೆಳಗೆ ಹಾಗೇ ಉಳಿದುಹೋಗುತ್ತದೆ.

ಪಟ್ಟಿಯ ಉದ್ದಕ್ಕೆ ಮಿತಿ ಇಲ್ಲ. ಮನಸ್ಸಿಗೆ ನಿಜವಾಗಿ ಬೇಕಾದ ಕ್ರಮದಲ್ಲಿ ಉದ್ದವಾಗಿ ಬರೆಯಿರಿ. ಆದರೆ ಶುಲ್ಕ ಕಟ್ಟಲಾಗದ, ಸೇರಲು ಮನಸ್ಸಿಲ್ಲದ ಕಾಲೇಜನ್ನು ಕೊನೆಯಲ್ಲಿ ಕೂಡ ಹಾಕಬೇಡಿ. 'ಇರಲಿ' ಎಂದು ಹಾಕಿದ್ದೇ ಕೆಲವರಿಗೆ ಹಂಚಿಕೆಯಾಗುತ್ತದೆ.

ಕ್ರಮ ಗೊತ್ತಾಯಿತು, ಪಟ್ಟಿಗೆ ಯಾವ ಕಾಲೇಜುಗಳನ್ನು ಸೇರಿಸಬೇಕು ಎಂಬುದಕ್ಕೆ ಹಿಂದಿನ ವರ್ಷದ ಕಟಾಫ್ ನೋಡಬೇಕು. ನಿಮ್ಮ ವರ್ಗದ ಸರಿಯಾದ ಕಾಲಂ ನೋಡಿ: ಜಿಎಂ ಅಂದರೆ ಸಾಮಾನ್ಯ, ಜಿಎಂಆರ್ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ, ಹಾಗೆಯೇ 2ಎ ಪ್ರವರ್ಗಕ್ಕೆ 2ಎಜಿ, 2ಎಆರ್, 2ಎಕೆ ಇತ್ಯಾದಿ. ಮೊದಲ ಸುತ್ತಿನ ಕಟಾಫ್ ಬಿಗಿ, ಕೊನೆಯ ಸುತ್ತಿನದು ಸಡಿಲ. ನಡುವೆ ಜೆಇಇ ಕೌನ್ಸೆಲಿಂಗಿನಲ್ಲಿ ಸುರತ್ಕಲ್ಲಿನ ಎನ್‌ಐಟಿ, ಧಾರವಾಡದ ಐಐಟಿಯಂಥ ಕಡೆ ಸೀಟು ಸಿಕ್ಕವರು ಬಿಟ್ಟು ಹೋಗುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ನಿಮ್ಮ ರ‍್ಯಾಂಕ್ 30,000 ಇದ್ದರೆ, ಕಟಾಫ್ 18,000ದಿಂದ 50,000ದವರೆಗೆ ಇರುವ ಕಾಲೇಜು ಮತ್ತು ಶಾಖೆಗಳನ್ನು ಪಟ್ಟಿಗೆ ತಂದರೆ ಆಸೆಗೂ ಭದ್ರತೆಗೂ ಜಾಗ ಸಿಗುತ್ತದೆ. ಈ ವರ್ಷ ಸೀಟು ಹೆಚ್ಚಿಸಿದ ಕಾಲೇಜಿನ ಹಳೆಯ ಕಟಾಫ್ ಮಾತ್ರ ನಂಬಿಕೆಗೆ ಅರ್ಹವಲ್ಲ. ಅಲ್ಲಿ ಅದು ಸಡಿಲಗೊಳ್ಳುತ್ತದೆ.

ನಿಜವಾದ ಸುತ್ತಿಗೆ ಮೊದಲು ನಡೆಸುವ ಅಣಕು ಹಂಚಿಕೆಯಲ್ಲಿ ಸಿಕ್ಕ ಸೀಟು ನಿಜವಾದ ಸುತ್ತಿನಲ್ಲಿ ಸಿಗದೆ ಹೋದಾಗ ಬಹಳ ಮಕ್ಕಳು ಕುಸಿದುಹೋಗುತ್ತಾರೆ. ಕಾರಣ ಸರಳ: ಅಣಕು ನೋಡಿದ ನಂತರ ಸಾವಿರಾರು ಜನ ತಮ್ಮ ಪಟ್ಟಿ ತಿದ್ದುತ್ತಾರೆ, ನಿಮಗಿಂತ ಮುಂದಿನ ರ‍್ಯಾಂಕಿನವರು ನಿಮ್ಮ ಕಾಲೇಜಿನತ್ತ ತಿರುಗಿರುತ್ತಾರೆ. ಅಣಕು ಹಂಚಿಕೆ ಬರೀ ಮುನ್ಸೂಚನೆ.

ನಾಲ್ಕು ಚಾಯ್ಸ್‌ಗಳು

ಸೀಟು ಹಂಚಿಕೆಯಾದ ಮೇಲೆ ಚಾಯ್ಸ್-1 ಒತ್ತಿದರೆ ಒಪ್ಪಿದಂತೆ. ಶುಲ್ಕ ಕಟ್ಟಿ, ಪ್ರವೇಶ ಆದೇಶ ಪಡೆದು, ಗಡುವಿನೊಳಗೆ ಕಾಲೇಜಿಗೆ ವರದಿ ಮಾಡಬೇಕು, ಮುಂದಿನ ಸುತ್ತು ಇಲ್ಲ. ಚಾಯ್ಸ್-2 ಅಂದರೆ ಈ ಸೀಟು ಕೈಯಲ್ಲಿರಲಿ, ಇದಕ್ಕಿಂತ ಮೇಲಿನ ಆಯ್ಕೆ ಸಿಕ್ಕರೆ ಕೊಡಿ ಎಂದು. ಇತ್ತೀಚೆಗೆ ಇದಕ್ಕೂ ಶುಲ್ಕ ಕಟ್ಟಬೇಕು. ಮೇಲಿನದು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದು, ಹಿಂದಿರುಗುವ ದಾರಿ ಇಲ್ಲ. ಹೀಗಾಗಿ ಚಾಯ್ಸ್-2 ಒತ್ತುವ ಮೊದಲು, ಸಿಕ್ಕ ಸೀಟಿಗಿಂತ ಮೇಲಿರುವ ಪ್ರತಿಯೊಂದೂ ನಿಜವಾಗಿ ಇದಕ್ಕಿಂತ ಉತ್ತಮವೇ, ಅದರ ಶುಲ್ಕ ಕಟ್ಟಲಾಗುತ್ತದೆಯೇ ಎಂದು ಒಂದೊಂದಾಗಿ ನೋಡಿ. ಚಾಯ್ಸ್-3 ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುವುದು. ಏನೂ ಸಿಗದಿರುವ ಅಪಾಯ ಪೂರ್ತಿ ನಿಮ್ಮದೇ. ಚಾಯ್ಸ್-4 ಪ್ರಕ್ರಿಯೆಯಿಂದ ಹೊರನಡೆಯುವುದು.

ಕೊನೆಯ ಸುತ್ತಿನ ನಿಯಮ ಕಠಿಣ. ಅಲ್ಲಿ ಸಿಕ್ಕ ಸೀಟು ಬಿಡುವುದಕ್ಕೆ ದಂಡ ಬೀಳಬಹುದು. ಇದರ ಹಿಂದೆ ಸೀಟ್ ಬ್ಲಾಕಿಂಗ್‌ನ ಕಹಿ ಇದೆ.

ಬ್ಲಾಕಿಂಗ್ ಯಾರಿಗೆ ಲಾಭ

ಎಂಜಿನಿಯರಿಂಗ್ ಸೇರುವ ಉದ್ದೇಶವೇ ಇಲ್ಲದ, ಬೇರೆಡೆ ಸೀಟು ಪಡೆದಿರುವ ಒಳ್ಳೆಯ ರ‍್ಯಾಂಕಿನ ಅಭ್ಯರ್ಥಿಯ ಹೆಸರಲ್ಲಿ ಬೇಡಿಕೆಯ ಕಾಲೇಜಿನ ಆಯ್ಕೆ ದಾಖಲಾಗುತ್ತದೆ. ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕರೂ ಅವರು ಸೇರುವುದಿಲ್ಲ. ಸುತ್ತುಗಳು ಮುಗಿದ ಮೇಲೆ ತುಂಬದ ಕೆಇಎ ಸೀಟು ಆಡಳಿತ ಮಂಡಳಿಗೆ ಮರಳುತ್ತದೆ. ಎಂಬತ್ತು ಸಾವಿರದ ಸೀಟು ಲಕ್ಷಗಳ ಸೀಟಾಗುವುದು ಹೀಗೆ. ಅದು ಸಿಗಬೇಕಿದ್ದ, ಒಂದೆರಡು ರ‍್ಯಾಂಕ್ ಹಿಂದಿದ್ದ ಮಗು ಬೇರೆಲ್ಲೋ ಸೇರಿರುತ್ತದೆ.

2024ರಲ್ಲಿ ಸೀಟು ಪಡೆದೂ ಸೇರದ ಎರಡು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ಕೆಇಎ ನೋಟಿಸ್ ಕೊಟ್ಟಿತು. ಅದರ ದೂರಿನ ಮೇಲೆ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು, ಪ್ರಾಧಿಕಾರದ ಒಳಗಿನ ನೌಕರನ ಹೆಸರೂ ಕೇಳಿಬಂತು. ಸಾಮಾನ್ಯ ಮನೆಗೆ ಇದರಿಂದ ಎರಡು ಎಚ್ಚರಿಕೆ. ಲಾಗಿನ್ ಪಾಸ್‌ವರ್ಡ್, ಒಟಿಪಿಗಳನ್ನು ಸೈಬರ್ ಕೇಂದ್ರದವರಿಗೂ ಕನ್ಸಲ್ಟೆನ್ಸಿಯವರಿಗೂ ಬಿಟ್ಟುಕೊಡಬಾರದು. ಆಪ್ಷನ್ ಎಂಟ್ರಿಯನ್ನು ಬೇರೆಯವರ ಕಂಪ್ಯೂಟರಿನಲ್ಲಿ ಮಾಡಿದರೂ ಕೊನೆಯ ಪಟ್ಟಿಯ ಮುದ್ರಿತ ಪ್ರತಿ ಮನೆಯಲ್ಲಿರಬೇಕು. ಕೊನೆಯ ಸುತ್ತಿನವರೆಗೂ ಪ್ರಕ್ರಿಯೆಯಲ್ಲಿ ಉಳಿದವರಿಗೆ ಅನಿರೀಕ್ಷಿತವಾಗಿ ಒಳ್ಳೆಯ ಸೀಟು ಸಿಗುವುದೂ ಉಂಟು, ಹಾಗಾಗಿ ಮೊದಲ ಸುತ್ತಿನ ನಿರಾಶೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಡಲು ಓಡಬಾರದು.

ಕಾಗದ ಪತ್ರ

ಎಲ್ಲ ಲೆಕ್ಕ ಸರಿಯಾಗಿದ್ದೂ ಒಂದು ಪ್ರಮಾಣಪತ್ರದಲ್ಲಿ ಸೋತವರು ಅನೇಕರು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕೆಇಎ ಆನ್‌ಲೈನಿನಲ್ಲೇ ತಾಳೆ ನೋಡುತ್ತದೆ. ಅದರಲ್ಲಿರುವ ಹೆಸರು, ಇನಿಷಿಯಲ್, ತಂದೆಯ ಹೆಸರು ಅರ್ಜಿಯೊಂದಿಗೆ ಹೊಂದದಿದ್ದರೆ ಮೀಸಲಾತಿ ಕೋರಿಕೆ ಬಿದ್ದುಹೋಗಿ ಸಾಮಾನ್ಯ ವರ್ಗದಲ್ಲಿ ನಿಲ್ಲಬೇಕಾಗುತ್ತದೆ. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಶೇ. 5, ಎರಡಕ್ಕೂ 1ರಿಂದ 10ನೇ ತರಗತಿಯ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಕಲ್ಯಾಣ ಕರ್ನಾಟಕದವರು ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಯಿಂದ ಮೊದಲೇ ಪಡೆದಿರಬೇಕು: ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಅವರಿಗೆ ಮೀಸಲು. ಕಾಸರಗೋಡಿನಂಥ ಗಡಿನಾಡ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಸಿಇಟಿ ಬಾಗಿಲು ತೆರೆದಿದೆ, ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗುವ ಷರತ್ತಿನ ಮೇಲೆ. ಎಸ್‌ಎನ್‌ಕ್ಯೂ ಬೇಕಾದವರು ಅರ್ಜಿಯಲ್ಲೇ ಅದನ್ನು ಕೋರಿ, ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಬೇಕು. ಅದರ ಕಟಾಫ್ ಪ್ರತ್ಯೇಕವಾಗಿರುತ್ತದೆ.

ರ‍್ಯಾಂಕ್ ತೀರಾ ಹಿಂದಿದ್ದು, ಕೈಗೆಟುಕುವ ಯಾವ ಕಾಲೇಜೂ ಮೇಲಿನ ಅಳತೆಯಲ್ಲಿ ನಿಲ್ಲದಿದ್ದರೆ, ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಅದರಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಕಟ್ಟುವ ಶುಲ್ಕ ಮೂರೇ ವರ್ಷದ್ದು, ಡಿಪ್ಲೊಮಾದ ಶುಲ್ಕ ಅದರ ಒಂದು ಸಣ್ಣ ಪಾಲು, ಮತ್ತು ಡಿಪ್ಲೊಮಾ ಮುಗಿದಾಗಲೇ ಕೈಯಲ್ಲೊಂದು ಕೆಲಸದ ಅರ್ಹತೆ ಇರುತ್ತದೆ.